ಎರಡೂ ಮನೆಯ ಪಟ್ಟಿಯಲ್ಲಿಲ್ಲದ ಕೂಸು

"ನಮ್ಮನೇಲಿ ಬರ್ಕೊಳಾಕೆ ಯಾವ ಮಗೂನೂ ಇಲ್ಲ ಕಣ್ ಟೀಚರಮ್ಮ!"

ಬೆಳಕವಾಡಿಯ ಹೊಂಬಾಳಮ್ಮ ಬಾಗಿಲಿಗೆ ಅಡ್ಡ ನಿಂತು ಹೀಗೆಂದ ಕ್ಷಣದಲ್ಲೇ ಒಳಗೆ ತೊಟ್ಟಿಲಿನ ಕೂಸು ಚೀರಿತು. ಮಕ್ಕಳ ಎಣಿಕೆಯ ಪಟ್ಟಿ ಹಿಡಿದು ಬಂದಿದ್ದ ಶಿಕ್ಷಕಿ ಚಿತ್ರಾ ನಕ್ಕರು.

"ಹಾಗಾದ್ರೆ ಅಳ್ತಿರೋದು ಬೆಕ್ಕೇನಮ್ಮ?"

"ಅದು ನನ್ ಮಗಳು ಗಗನಳ ಹೆಣ್ಕೂಸು. ಬಾಣಂತನಕ್ಕೆ ಬಂದವ್ಳೆ. ಅವಳ ಅತ್ತೆಮನೆ ಚಿಕ್ಕರಸಿನಕೆರೇಲಿ ಬರ್ಸಿರ್ತಾರೆ ಬುಡಿ. ಎಳೆಕೂಸ್ನ ಎಣಿಸಿದ್ರೆ ದಿಷ್ಟಿ ಆಯ್ತದೆ."

"ಬರೆಸಿದ್ದಾರಾ ಅಂತ ಕೇಳಿದ್ರಾ? ಇವತ್ತೇ ಕೊನೇ ದಿನ. ನಾಲ್ಕರ ಬಸ್ಸಿಗೆ ಪಟ್ಟಿ ಮಳವಳ್ಳಿ ಶಿಕ್ಷಣ ಕಚೇರಿಗೆ ಹೋಗುತ್ತೆ."

"ಇಸ್ಕೂಲಿಗೆ ಓಗಾಕೆ ಇನ್ನೂ ಆರು ವರ್ಸ ಅದೆ. ಏನವಸರ?"

"ಮಕ್ಕಳು ಎಷ್ಟು ಬರ್ತಾರೆ, ಮೇಷ್ಟ್ರುಗಳು ಎಷ್ಟು ಜನ ನಿವೃತ್ತರಾಗ್ತಾರೆ ಅಂತ ಮೊದಲೇ ನೋಡಿದ್ರೆ ತಾನೇ ಟೀಚರ್ ತರಬೇತಿಗೆ ಎಷ್ಟು ಸೀಟು ಬೇಕು ಅಂತ ತಿಳಿಯೋದು? ತರಬೇತಿಗೇ ಎರಡು ವರ್ಷ ಬೇಕಮ್ಮ."

"ನಮ್ಮಣ್ಣನ ಮಗ ಯತೀಶ ಆ ಟ್ರೈನಿಂಗೇ ಮಾಡ್ಕಂಡು ಆಲೆಮನೇಲಿ ಬೆಲ್ಲ ತುಂಬ್ತಾವ್ನೆ. ಇನ್ನೂ ಸೀಟಾ?"

"ಅದಕ್ಕೇ ಲೆಕ್ಕ ಸರಿಯಿರಬೇಕು. ಸೀಟು ಹೆಚ್ಚಾದ್ರೆ ಯತೀಶ ಕೆಲಸವಿಲ್ಲದೆ ಕೂರ್ತಾನೆ, ಕಮ್ಮಿಯಾದ್ರೆ ನಿಮ್ಮ ಮೊಮ್ಮಗಳು ಟೀಚರಿಲ್ಲದೆ ಕೂರ್ತಾಳೆ."

ಹೊಂಬಾಳಮ್ಮ ಆಗಲೂ ಒಪ್ಪದ್ದರಿಂದ ಚಿತ್ರಾ ಬಸ್ ನಿಲ್ದಾಣದತ್ತ ನಡೆದರು. ಹೊಂಬಾಳಮ್ಮನಿಗೆ ಹಿರಿಯ ಮೊಮ್ಮಗಳು ಅರ್ಪಿತಳ ಮಾತು ನೆನಪಾಯಿತು. ಅವಳ ಶಾಲೆಯಲ್ಲಿ ಮೂರು ತರಗತಿಗೆ ಒಬ್ಬರೇ ಟೀಚರು. "ಇವತ್ತು ಟೀಚರು ನಮ್ ಕಡೆ ತಿರುಗ್ಲೇ ಇಲ್ಲ ಅಜ್ಜಿ" ಎಂದು ಆ ಮಗು ಅತ್ತಿತ್ತು. ಹೊಂಬಾಳಮ್ಮ ಕೂಡಲೇ ಗಗನಳ ಅತ್ತೆ, ಬೀಗತಿ ಶಿವನಂಜಮ್ಮನಿಗೆ ಫೋನು ಮಾಡಿದಳು.

"ನಾವ್ ಬರ್ಸಿಲ್ಲ ಕಣವ್ವ! ಕೂಸು ನಿಮ್ಮಟ್ಟೀಲೇ ಅದ್ಯಲ್ಲ, ನೀವೇ ಬರ್ಸಿರ್ತೀರಿ ಅಂದ್ಕಂಡೊ. ನಮ್ ಬೀದೀಲಿ ತವರಿಗೆ ಓಗಿರೋ ಮೂರು ಬಾಣಂತೀರ ಮಕ್ಳದೂ ಇದೇ ಕತೆ."

ಅಲ್ಲೂ ಇಲ್ಲ, ಇಲ್ಲೂ ಇಲ್ಲ! ಒಂದು ಬೀದಿಯಲ್ಲೇ ನಾಲ್ಕು ಕೂಸು!

ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಹೊಂಬಾಳಮ್ಮ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು. ಬಸ್ಸು ಆಗಲೇ ಗುಡುಗುಟ್ಟುತ್ತಿತ್ತು. ಚಿತ್ರಾ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು.

"ತಡೀರಿ ಟೀಚರಮ್ಮ! ಬರ್ಕಳಿ! ಅತ್ತೆಮನೇಲೂ ಬರ್ಸಿಲ್ವಂತೆ. ಆದ್ರೆ ಕೂಸ್ಗೆ ಇನ್ನೂ ಎಸ್ರು ಇಟ್ಟಿಲ್ವಲ್ಲ?"

"ಗಗನಳ ಮಗಳು ಅಂತ ಬರೀತೀನಿ. ಮುಂದೆ ಓದೋದು ಚಿಕ್ಕರಸಿನಕೆರೇಲಿ ಅಂತ್ಲೂ ಸೇರಿಸ್ತೀನಿ, ಎರಡು ಸಲ ಎಣಿಕೆಯಾಗಬಾರದಲ್ಲ. ಈಗ ದೃಷ್ಟಿಯಾಗಲ್ವಾ?"

"ದಿಷ್ಟಿಬೊಟ್ಟು ನಾನಿಕ್ತೀನಿ, ನೀವು ಬರ್ಕಳಿ!" ಎಂದ ಹೊಂಬಾಳಮ್ಮ, ಬಸ್ಸು ಹೊರಡುವ ಮುನ್ನವೇ ಮತ್ತೆ ಬೀಗತಿಗೆ ಫೋನು ಹಚ್ಚಿದಳು. ಆ ಬೀದಿಯ ಇನ್ನೂ ಮೂರು ಕೂಸುಗಳನ್ನು ಬರೆಸುವುದಿತ್ತು.

ತಾಯಂದಿರೇ, ಅಜ್ಜಿಯರೇ, ನಿಮ್ಮ ಮನೆಯ ತೊಟ್ಟಿಲ ಕೂಸು ಯಾವ ಪಟ್ಟಿಯಲ್ಲಿದೆ? ಎಣಿಕೆಗೆ ಬಂದವರನ್ನು ಬಾಗಿಲಲ್ಲೇ ಕಳಿಸಬೇಡಿ. ಬೀಗರ ಮನೆಯಲ್ಲಿ ಇಂದೇ ಕೇಳಿ, ಒಂದು ಕಡೆ ತಪ್ಪದೆ ಬರೆಸಿ. ನಿಮ್ಮ ಕೂಸಿಗೆ ಅಕ್ಷರ ತಿದ್ದಿಸುವ ಕೈ ಸಿದ್ಧವಾಗಬೇಕಾದರೆ, ಕೂಸು ಹುಟ್ಟಿರುವುದು ಮೊದಲು ಗೊತ್ತಾಗಬೇಕು.