ಹೊಸ ಮಾಡಲ್ ಬರುವವರೆಗೆ

ನನ್ನ ಫೋನಿನ ಬಗ್ಗೆ ಎಸ್ಟೇಟಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಆರು ವರ್ಷದ ಹಳೇ ಫೋನು. ಗಾಜಿನ ಮೂಲೆ ಒಡೆದಿತ್ತು, ಮಧ್ಯಾಹ್ನದೊಳಗೆ ಚಾರ್ಜು ಮುಗಿಯುತ್ತಿತ್ತು, ಒಂದು ಫೋಟೋ ತೆಗೆಯಬೇಕೆಂದರೆ ಮೊದಲು ಹತ್ತು ಫೋಟೋ ಅಳಿಸಬೇಕಿತ್ತು. ಯಸಳೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಜರಿ ಬರೆಯುವುದು, ಆಳುಗಳನ್ನು ತೋಟದ ಯಾವ ಬ್ಲಾಕಿಗೆ ಕಳಿಸಬೇಕೆಂದು ಹೇಳುವುದು ನನ್ನ ಕೆಲಸ. ಇಷ್ಟಕ್ಕೆ ಇದಕ್ಕಿಂತ ಎಂಥ ಫೋನು ಬೇಕು ಎಂದು ವಾದ ಮಾಡುತ್ತಿದ್ದೆ. ನಾನು ಸ್ವಲ್ಪ ಮೊಂಡ. ನನ್ನ ಹೆಂಡತಿ ಇದನ್ನೇ ಇನ್ನೂ ಕೆಟ್ಟದಾಗಿ ಹೇಳುತ್ತಾಳೆ.

ಆದರೂ ಕಳೆದ ನವೆಂಬರಿನಲ್ಲಿ ಮನಸ್ಸು ಮಾಡಿ ಸಕಲೇಶಪುರಕ್ಕೆ ಹೋಗಿದ್ದೆ. ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ವಾಣಿ ಕೆಲಸ ಮಾಡುತ್ತಾಳೆ. ನಮ್ಮ ಎಸ್ಟೇಟಿನ ಆಳು ಭೂತಯ್ಯನ ಮಗಳು, ಆಳುಗಳಿಗೆ ಕಟ್ಟಿಸಿದ ಲೈನ್ ಮನೆಯಲ್ಲೇ ಹುಟ್ಟಿ ಬೆಳೆದವಳು. ಬೇರೆ ಗಿರಾಕಿಯಾಗಿದ್ದರೆ ಕೈಗೆ ಸಿಕ್ಕಿದ್ದನ್ನು ಮಾರಿ ಕಳಿಸುತ್ತಿದ್ದಳೇನೋ. ನಾನು ನೋಡುತ್ತಿದ್ದ ಫೋನನ್ನು ಪಕ್ಕಕ್ಕಿಟ್ಟು ನನಗೆ ನಿಜ ಹೇಳಿದಳು.

“ಈಗ್ಲೇ ಬ್ಯಾಡ ರೈಟ್ರೇ. ಜನವರೀಲಿ ಹೊಸ ಮಾಡಲ್ ಬರ್ತೈತೆ. ಇಷ್ಟು ವರ್ಷ ತಡ್ಕಂಡಿದೀರಿ, ಇನ್ನೆರಡು ತಿಂಗ್ಳು ತಡ್ಕಳಿ.”

ಮುಂದೂಡುವುದೆಂದರೆ ನನಗೆ ಇಷ್ಟ. ಒಂದು ಟೀ ಕುಡಿದು ಅದೇ ಬಸ್ಸಿಗೆ ವಾಪಸು ಬಂದೆ.

ಡಿಸೆಂಬರಿನಲ್ಲಿ ಭೂತಯ್ಯನನ್ನು ಆನೆ ಕೊಂದಿತು.

ಈ ಕಡೆ ಬೆಳಿಗ್ಗೆ ಆನೆ ಗ್ರೂಪ್ ನೋಡದೆ ಯಾರೂ ತೋಟಕ್ಕೆ ಇಳಿಯುವುದಿಲ್ಲ. ಆನೆ ಎಲ್ಲಿ ಕಂಡಿತು, ಯಾವ ಕಡೆ ಹೋಯಿತು ಎಂದು ಕಂಡವರು ವಾಟ್ಸಾಪಿನಲ್ಲಿ ಹಾಕುತ್ತಾರೆ. ನಮ್ಮ ಎಸ್ಟೇಟಿನಿಂದ ಆ ಗ್ರೂಪಿನಲ್ಲಿ ಇರುವುದು ನಾನೊಬ್ಬನೇ. ಹಾಜರಿ ಮುಗಿದ ಮೇಲೆ ನಾನು ಅದನ್ನು ಓದಿ ಗಟ್ಟಿಯಾಗಿ ಹೇಳಬೇಕು, ಆಮೇಲೆ ಆಳುಗಳು ಹೊರಡಬೇಕು. ಎಲ್ಲರಿಗಿಂತ ಮುಂದೆ ಭೂತಯ್ಯ ಕತ್ತಿ ಹಿಡಿದು ನಡೆಯುತ್ತಿದ್ದ. ಆನೆಯ ವಾಸನೆ ತನಗೆ ಗೊತ್ತಾಗುತ್ತದೆ ಎಂದು ಅವನಿಗೆ ಹೆಮ್ಮೆ.

ನಮ್ಮಲ್ಲಿ ಇನ್ನೊಂದು ನಿಯಮವೂ ಇದೆ. ಆಳುಗಳನ್ನು ಸ್ಟೋರ್ ಮುಂದೆ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು, ಎಂಟು ಗಂಟೆಯೊಳಗೆ ಹಾಸನದಲ್ಲಿರುವ ಸಾಹುಕಾರರಿಗೆ ಕಳಿಸಬೇಕು. ಭೂತಯ್ಯ ಸತ್ತ ದಿನ ಎಂಟಾಗಲು ಐದು ನಿಮಿಷವಿತ್ತು. ಫೋಟೋ ತೆಗೆಯಲು ಹೋದರೆ ಜಾಗವಿಲ್ಲ ಎಂದು ಫೋನು ಹಟ ಹಿಡಿಯಿತು. ಜನ ಕಳಿಸಿದ್ದ ಶುಭೋದಯದ ತಾವರೆ, ಸೂರ್ಯ, ದೇವರುಗಳನ್ನು ಒಂದೊಂದಾಗಿ ಅಳಿಸುತ್ತ ಕೂತೆ. ಅಷ್ಟರಲ್ಲಿ ಪರದೆಯ ಮೇಲ್ಗಡೆಯಿಂದ ಒಂದು ಮೆಸೇಜು ಇಳಿಯಿತು. ಒಂಟಿ ಸಲಗ, ನಮ್ಮ ಕೆರೆ ಬ್ಲಾಕು. ಓದಿದೆ. ಫೋಟೋ ಕಳಿಸಿ ಹೇಳೋಣವೆಂದು ಹೆಬ್ಬೆರಳಿನಿಂದ ಅದನ್ನು ಪಕ್ಕಕ್ಕೆ ತಳ್ಳಿದೆ. ಫೋಟೋ ಹೋಯಿತು. ಸಾಹುಕಾರರು ಒಪ್ಪಿಗೆಯ ಗುರುತು ಹಾಕಿದರು. ಹೊತ್ತಿಗೆ ಸರಿಯಾಗಿ ಕಳಿಸಿದೆನಲ್ಲ ಎಂಬ ಖುಷಿಯಲ್ಲಿ, “ಕೆರೆ ಬ್ಲಾಕಿಗೆ ಹೊರಡಿ,” ಎಂದೆ.

ಫಾರೆಸ್ಟಿನವರು ಬಂದಾಗ ಮೆಸೇಜು ನೋಡಲಿಲ್ಲವಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಜೀಪಿನ ಡ್ರೈವರ್ ಧರ್ಮ ಮಾತಾಡಿದ.

“ಆ ಫೋನಿಗೆ ಎಲ್ಲಿ ಮೆಸೇಜ್ ಬರ್ತೈತೆ ಸಾರ್? ಜಾಗನೇ ಇಲ್ಲ ಅದ್ರಾಗೆ. ನಾವೆಲ್ಲ ಹೇಳೀ ಹೇಳೀ ಸಾಕಾಗೈತೆ.”

ಎಲ್ಲರೂ ಹೌದೆಂದರು. ನಾನು ಸುಮ್ಮನಿದ್ದೆ. ನಾನು ಹೇಳಿದ ಸುಳ್ಳು ಅಷ್ಟೇ.

ತಿಥಿಯ ದಿನ ಭೂತಯ್ಯನ ಹೆಂಡತಿ ಲಿಂಗಮ್ಮ ನನ್ನ ಎಲೆಗೆ ತಾನೇ ಪಾಯಸ ಬಡಿಸಿದಳು. “ನೀವೇನ್ ಮಾಡಕ್ಕಾಯ್ತದೆ ರೈಟ್ರೇ, ಹಾಳು ಫೋನು,” ಎಂದಳು. ಗಂಡನನ್ನು ಕಳೆದುಕೊಂಡವಳು ನನಗೆ ಸಮಾಧಾನ ಹೇಳಿದಾಗಲಾದರೂ ನನಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟಾಗ ದವಡೆ ಮರಗಟ್ಟಿರುತ್ತದಲ್ಲ, ಭೂತಯ್ಯ ಸತ್ತಾಗಿನಿಂದ ಇಡೀ ಮೈ ಹಾಗಿತ್ತು. ಪಾಯಸ ಪೂರ್ತಿ ತಿಂದೆ. ಸಿಹಿ ಕಡಿಮೆಯಾಗಿದೆ ಎಂದು ಕೂಡ ಅಂದುಕೊಂಡೆ.

ಫೆಬ್ರವರಿಯಲ್ಲಿ ಸಾಹುಕಾರ ಜಯಕುಮಾರ್ ಅವರು ಫೋನು ಮಾಡಿ, “ಯೋಗಾನಂದ, ಇನ್ನು ನೆಪ ಹೇಳ್ಬೇಡ. ನಾನೇ ಕೊಡಿಸ್ತೀನಿ, ಹೋಗಿ ಹೊಸದು ತಗೊ,” ಎಂದರು. ಬೇರೆ ಅಂಗಡಿಗೆ ಹೋಗಬಹುದಿತ್ತು. ಆದರೆ ವಾಣಿಗೆ ತಿಳಿದರೆ ಏನೆಂದುಕೊಂಡಾಳು ಎನಿಸಿ ಅಲ್ಲಿಗೇ ಹೋದೆ.

ಅವಳು ಸ್ವಲ್ಪ ಇಳಿದಿದ್ದಳು. ಬಾಕಿ ಹಾಗೆಯೇ ಇದ್ದಳು. ಯಾವುದು ಬೇಕೆಂದು ಕೇಳಲೂ ಇಲ್ಲ, ಹೊಸ ಮಾಡಲ್ ಬಂದಿದ್ದರೂ ನವೆಂಬರಿನಲ್ಲಿ ನಾನು ನೋಡಿ ಬಿಟ್ಟುಬಂದಿದ್ದ ಫೋನನ್ನೇ ತಂದಿಟ್ಟು ಡಬ್ಬಿ ಬಿಚ್ಚಿದಳು. ಹೊಸ ಫೋನನ್ನೂ ಹಳೆಯದನ್ನೂ ಅಕ್ಕಪಕ್ಕ ಇಟ್ಟು, ಹಳೆಯದರಲ್ಲಿದ್ದುದೆಲ್ಲ ಹೊಸದಕ್ಕೆ ಹೋಗಲು ಕಾಲು ಗಂಟೆ ಬೇಕು, ಕೂತ್ಕಳಿ ಎಂದಳು.

ಕೂತೆ. ಗಿರಾಕಿಗಳು ಯಾರೂ ಇರಲಿಲ್ಲ.

“ಮಾಲೀಕ್ರು ನನ್ನ ಹೊಗಳ್ತಾವ್ರೆ ರೈಟ್ರೇ,” ಎಂದಳು ವಾಣಿ, ಫೋನಿನಿಂದ ಕಣ್ಣೆತ್ತದೆ. “ವ್ಯಾಪಾರ ಜಾಸ್ತಿ ಆಗೈತೆ. ಈಗ ಯಾರು ಬಂದು ಕಾಯ್ಲಾ ಅಂತ ಕೇಳಿದ್ರೂ, ಕಾಯ್ಬ್ಯಾಡಿ, ಇವತ್ತೇ ತಗಂಡೋಗಿ ಅಂತೀನಿ.”

ನಾನು ಹೂಂ ಎಂದೆ.

“ನಾನ್ ನಿಮ್ಗೆ ಎರಡು ತಿಂಗ್ಳು ತಡ್ಕಳಿ ಅಂದೆನಲ್ಲ. ಅವತ್ತೇ ಕೊಟ್ಟು ಕಳಿಸಿದ್ರೆ ಮೆಸೇಜ್ ಬರೋದು. ಅಪ್ಪ ಇರೋನು.” ಗಾಜಿನ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸಿದಳು. “ಅವ್ವಂಗೆ ಇನ್ನೂ ಹೇಳಿಲ್ಲ. ಊರಿಗೆ ಹೋಗೋಕೇ ಆಯ್ತಿಲ್ಲ. ಅವ್ವನ ಮುಖ ಹೆಂಗ್ ನೋಡ್ಲಿ?”

ಅವಳು ಅಳಲಿಲ್ಲ. ಅತ್ತಿದ್ದರೆ ನಾನೂ ಏನಾದರೂ ಸಮಾಧಾನದ ಮಾತು ಹೇಳಿ ಎದ್ದು ಬರುತ್ತಿದ್ದೆ. ಅವಳ ದನಿಯಲ್ಲಿ ಏನೂ ಇರಲಿಲ್ಲ, ನನ್ನೊಳಗೂ ಹಾಗೆಯೇ ಏನೂ ಇರಲಿಲ್ಲ. ಆದರೆ ನನ್ನದು ನನಗೆ ಸೇರಬೇಕಾದದ್ದು. ಅವಳಿಗೆ ಇದು ಯಾಕೆ ಬಂತು ಎಂದು ಯೋಚಿಸಿದೆ. ಇನ್ನು ಐವತ್ತು ವರ್ಷ ಇವಳು ಇದನ್ನು ಹೊತ್ತುಕೊಂಡು ತಿರುಗುತ್ತಾಳೆ, ನಾನು ಹೊಸ ಫೋನು ಹಿಡಿದುಕೊಂಡು ತಿರುಗುತ್ತೇನೆ. ನನಗೆ ಹೇಸಿಗೆಯಾಯಿತು. ಎರಡು ತಿಂಗಳಲ್ಲಿ ನನಗೆ ಆದದ್ದೆಂದರೆ ಅದೊಂದೇ.

“ಮೆಸೇಜ್ ಬಂದಿತ್ತು ಕಣವ್ವ,” ಎಂದೆ.

ಅವಳು ಒರೆಸುವ ಬಟ್ಟೆ ಕೆಳಗಿಟ್ಟಳು.

“ಎಂಟಕ್ಕೆ ಮುಂಚೇನೇ ಬಂತು. ನಾನು ಓದ್ದೆ. ಸಾವ್ಕಾರ್ರಿಗೆ ಫೋಟೋ ಕಳಿಸೋ ಆತುರದಾಗೆ ತಳ್ಬುಟ್ಟೆ. ಆಮೇಲೆ ಮರ್ತೋಯ್ತು. ನಾನೇ ಕಳಿಸಿದ್ದು ನಿಮ್ಮಪ್ಪನ್ನ. ನಿಂದೇನೂ ಇಲ್ಲ ಇದ್ರಾಗೆ.”

ಬೈಯುತ್ತಾಳೆಂದು ಕಾದೆ. ಎದ್ದು ಕೆನ್ನೆಗೆ ಹೊಡೆದರೂ ಹೊಡೆಯಲಿ ಎಂದು ಮುಖವನ್ನು ಹಾಗೆಯೇ ಇಟ್ಟುಕೊಂಡೆ. ಲೈನ್ ಮನೆಯ ಅಂಗಳದಲ್ಲಿ ಓಡಾಡಿಕೊಂಡಿದ್ದಾಗಿನಿಂದ ನನ್ನನ್ನು ನೋಡುತ್ತಿದ್ದವಳು, ಈಗ ಯಾವನೋ ಗಿರಾಕಿಯನ್ನು ನೋಡಿದ ಹಾಗೆ ನೋಡಿದಳು.

ಆಮೇಲೆ ಎರಡೂ ಫೋನು ಎತ್ತಿಕೊಂಡು ನಡೆಯುತ್ತಿದ್ದ ಕೆಲಸ ನಿಲ್ಲಿಸಿದಳು. ಹೊಸದರಲ್ಲಿ ಬಂದಿದ್ದುದನ್ನೆಲ್ಲ ಅಳಿಸಿದಳು. ಅದನ್ನು ಡಬ್ಬಿಯಲ್ಲಿಟ್ಟು, ಚಾರ್ಜರಿನ ವಯರು ಸುತ್ತಿ ಪಕ್ಕಕ್ಕೆ ಸೇರಿಸಿ, ಮುಚ್ಚಳ ಹಾಕಿದಳು. ಹಳೆಯ ಫೋನನ್ನು ನನ್ನ ಕಡೆಗೆ ಸರಿಸಿದಳು.

“ಹಂಗಾದ್ರೆ ಹೊಸದು ಯಾಕೆ ರೈಟ್ರೇ?” ಎಂದಳು. “ಈ ಫೋನು ಸರಿಯಾಗೇ ಐತಲ್ಲ.”