ಒಬ್ಬನ ಹೆಸರಿನ ಎರಡು ಗುಡ್ಡೆ

ಯುದ್ಧ ಇನ್ನೂ ಮುಗಿದಿರಲಿಲ್ಲ. ನಿಡಘಟ್ಟದ ಡಿಪೋದಲ್ಲಿ ಕಾರ್ಡು ತೋರಿಸಿದರೆ ರಾಗಿ, ಇಲ್ಲದಿದ್ದರೆ ಇಲ್ಲ. ತಲೆಗೆ ಇಷ್ಟು ಎಂದು ಅಳತೆ. ಮೈ ಬಗ್ಗಿಸಿ ದುಡಿಯುವ ಕೂಲಿಯವರಿಗೆ ಮಾತ್ರ ದಿನಕ್ಕೆ ಅರ್ಧ ಪಾವು ಹೆಚ್ಚು. ಚಿಕ್ಕನಂಜಮ್ಮನ ಮನೆಯ ಕಾರ್ಡಿನಲ್ಲಿ ಆ ಹೆಚ್ಚಿನ ಅರ್ಧ ಪಾವು ಅವಳ ಗಂಡ ಕರಿಸಿದ್ದಯ್ಯನಿಗಿತ್ತು, ಅವಳಿಗಿರಲಿಲ್ಲ.

ಕೆಲಸವೇನೋ ಇಬ್ಬರದೂ ಒಂದೇ. ಮೈಸೂರು ರಸ್ತೆಗೆ ಜಲ್ಲಿ ಒಡೆಯುವುದು. ಅವನು ಮೊದಲು ಹೋಗಿ ಕೂರುವನು, ಅವಳು ಹಿಟ್ಟು ಬೇಯಿಸಿಕೊಂಡು ಹಿಂದಿನಿಂದ ಹೋಗಿ ಅವನ ಎದುರಿಗೆ ಕೂರುವಳು. ಸಂಜೆ ಮೇಸ್ತ್ರಿ ಹೊನ್ನಯ್ಯ ಬಂದು ಗುಡ್ಡೆ ಅಳೆದು ಬರೆದುಕೊಳ್ಳುವಾಗ ಮನೆಗೆ ಒಂದೇ ಹೆಸರು, ಗಂಡಸಿನದು. ರಸ್ತೆ ಕೆಲಸದಲ್ಲಿ ಎಲ್ಲ ಗಂಡಸರ ಗುಡ್ಡೆಯ ಕಥೆಯೂ ಇದೇ ಆದ್ದರಿಂದ ಯಾರೂ ಯಾರನ್ನೂ ಆಡಿಕೊಳ್ಳುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಮಾತ್ರ ಕರಿಸಿದ್ದಯ್ಯ ದಿನಕ್ಕೆ ಎರಡು ಗುಡ್ಡೆ ಒಡೆಯುವ ಆಳು.

ಕಾರ್ಡಿನ ಪಟ್ಟಿ ಬರೆಯುವವರು ಬಂದು ಅರಳಿಕಟ್ಟೆಯ ಮೇಲೆ ಕುಳಿತ ದಿನ, ಪಕ್ಕದ ಮನೆಯ ಚಿಕ್ಕಮಾದು ಮೀಸೆ ತಿರುವಿಕೊಂಡು, ತನ್ನ ಹೆಂಡತಿ ಮಂಚಮ್ಮ ಕೂಲಿಗೆ ಹೋಗುವವಳಲ್ಲ, ಮನೆಯಲ್ಲಿರುವವಳು ಎಂದು ಬರೆಸಿದ. ಊರವರೆಲ್ಲ ಸುತ್ತ ನಿಂತಿದ್ದರು. ಮುಂದಿನ ಸರದಿ ಕರಿಸಿದ್ದಯ್ಯನದು. ಚಿಕ್ಕಮಾದುವಿನ ಹೆಂಡತಿ ಮನೆಯಲ್ಲಿರುವುದಾದರೆ ಇವನ ಹೆಂಡತಿ ಬಿಸಿಲಲ್ಲಿರುವುದುಂಟೆ? ಇವನೂ ಹಾಗೆಯೇ ಬರೆಸಿ ಎದೆಯುಬ್ಬಿಸಿಕೊಂಡು ಮನೆಗೆ ಬಂದ.

ಆಮೇಲೆ ಹಿಟ್ಟಿನ ಮಡಕೆ ಮಾತಾಡಿತು. ಗಂಡನಿಗೊಂದು ಮುದ್ದೆ, ಇಬ್ಬರು ಹೆಣ್ಣುಮಕ್ಕಳಿಗೆ ಒಂದೊಂದು ಕಟ್ಟಿಟ್ಟರೆ ಅವಳ ಪಾಲಿಗೆ ನಿಂಬೆಹಣ್ಣಿನಷ್ಟು ಉಳಿಯುತ್ತಿತ್ತು. ಅಷ್ಟನ್ನು ತಿಂದು ಸುತ್ತಿಗೆ ಎತ್ತಿದರೆ ಮಧ್ಯಾಹ್ನಕ್ಕೇ ರಟ್ಟೆ ಸೋಲುತ್ತಿತ್ತು. ಅವಳು ಕೂಗಾಡಲಿಲ್ಲ. ಡಿಪೋದವರನ್ನು ಕೇಳಿದಳು. ಪಟ್ಟಿಯಲ್ಲಿರುವುದೇ ಸರಿ, ಮೇಸ್ತ್ರಿಯ ಚೀಟಿ ತೆಗೆದುಕೊಂಡು ಸೋಮವಾರ ಹೋಗಿ ಮದ್ದೂರಿನ ಅಮಲ್ದಾರರಿಗೆ ಅರ್ಜಿ ಕೊಡಿ, ಗಂಡನೂ ಬಂದು ಹೇಳಬೇಕು ಎಂದರು. ಕರಿಸಿದ್ದಯ್ಯ ಮೂರು ಸೋಮವಾರ ನೆಪ ಹೇಳಿದ. ಮೂರು ಸೋಮವಾರವೂ ಅವಳು ಆಗಲಿ ಎಂದಳು. ನಾಲ್ಕನೆಯ ಸೋಮವಾರ ಅವನಿಗೆ ನೆಪ ಮುಗಿದಿತ್ತು.

ಮಳೆಗೆ ನೆನೆದು ಹರಿದ ತಮ್ಮ ಕಾರ್ಡು ಬದಲಾಯಿಸಲು ಚಿಕ್ಕಮಾದುವೂ ಮಂಚಮ್ಮನೂ ಅಂದೇ ಹೊರಟರು. ನಾಲ್ವರೂ ಮದ್ದೂರಿಗೆ ನಡೆದರು.

ಅಮಲ್ದಾರರು ಕನ್ನಡಕದವರು, ಅವಸರವಿಲ್ಲದವರು. ಚೀಟಿ ಓದಿದರು. ಹೊನ್ನಯ್ಯ ಉಪಕಾರ ಮಾಡುವುದಕ್ಕೆಂದೇ ತನ್ನ ಪುಸ್ತಕದಲ್ಲಿದ್ದುದನ್ನು ಇದ್ದಹಾಗೆ ಇಳಿಸಿದ್ದ: ಕರಿಸಿದ್ದಯ್ಯ, ದಿನಕ್ಕೆ ಎರಡು ಗುಡ್ಡೆ.

"ಇದರಲ್ಲಿ ನಿನ್ನ ಹೆಸರೊಂದೇ ಇದೆಯಲ್ಲಯ್ಯ," ಎಂದರು. "ಎರಡನ್ನೂ ನೀನೇ ಒಡೆದಿದ್ದರೆ ಈಕೆ ಒಡೆದದ್ದು ಎಲ್ಲಿ?"

ಕರಿಸಿದ್ದಯ್ಯ ಸೂರು ನೋಡಿದ. ಬೆನ್ನ ಹಿಂದೆ ಚಿಕ್ಕಮಾದು, ಬಾಗಿಲಲ್ಲಿ ನಿಡಘಟ್ಟದವರೇ ಇನ್ನೂ ಐದಾರು ಜನ. ಕೇಳಿಯೂ ಕೇಳಿಸದಂಥ ದನಿಯಲ್ಲಿ, ಅವಳು ಮನೆಯಲ್ಲೇ ಇರ್ತಾಳೆ ಬುದ್ಧಿ ಎಂದುಬಿಟ್ಟ.

ಅಮಲ್ದಾರರು ಚೀಟಿ ಮಡಿಸಿ ಪಕ್ಕಕ್ಕಿಟ್ಟು ಮುಂದಿನ ಅರ್ಜಿಗೆ ಕೈ ಹಾಕಿದರು. ಈಗ ಮಾತಾಡಬೇಕಾದವಳು ಚಿಕ್ಕನಂಜಮ್ಮ. ಆಡಿದರೆ ಇಷ್ಟು ಜನರೆದುರು ಗಂಡನನ್ನು ಸುಳ್ಳುಗಾರ ಮಾಡಿದಂತೆ. ಆಡದಿದ್ದರೆ ಆ ನಿಂಬೆಹಣ್ಣಿನಷ್ಟು ಮುದ್ದೆಯೇ ಗತಿ. ಅವಳು ಅಮಲ್ದಾರರ ಕಡೆ ತಿರುಗಲೇ ಇಲ್ಲ. ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಗಂಡನಿಗೇ ಹೇಳಿದಳು:

"ಆಗ್ಲಿ ಬುಡು. ನಾಳಿಂದ ಪಟ್ಟೀಲಿ ಬರ್ದಿರಂಗೇ ಇದ್ಬುಡ್ತೀನಿ. ಮನೇಲಿ."

ಕರಿಸಿದ್ದಯ್ಯನ ಮುಖ ಇಳಿಯಿತು. ನಾಳೆ ಸಂಜೆ ಹೊನ್ನಯ್ಯ ಅಳೆಯಲು ಬಂದಾಗ ಬಿದ್ದಿರುವ ಒಂಟಿ ಗುಡ್ಡೆ ಅವನ ಕಣ್ಣಿಗೆ ಕಟ್ಟಿರಬೇಕು. ನಾಳಿದ್ದೂ ಒಂದೇ, ಆಚೆ ನಾಳಿದ್ದೂ ಒಂದೇ.

"ಬುದ್ಧಿ, ತಡೀರಿ," ಎಂದ. "ಸುಳ್ಳೇಳ್ಬುಟ್ಟೆ. ಅದ್ರಲ್ಲಿ ಒಂದ್ ಗುಡ್ಡೆ ಇವಳ್ದು."

ಅಮಲ್ದಾರರು ಕನ್ನಡಕ ತೆಗೆದರು. "ಯಾರದು ದೊಡ್ಡದು?"

"ಎಲ್ಡೂ ಒಂದೇ ಸಮ ಬುದ್ಧಿ."

ಚಿಕ್ಕನಂಜಮ್ಮ ಕೆಮ್ಮಿದಳು.

"ಇವಳ್ದು ವಸಿ ದಪ್ಪ," ಎಂದ ಕರಿಸಿದ್ದಯ್ಯ.

ಬಾಗಿಲಲ್ಲಿದ್ದವರು ನಕ್ಕರು. ಅಮಲ್ದಾರರು ನಗಲಿಲ್ಲ, ಆದರೆ ತುಟಿ ಬಿಗಿಹಿಡಿದಿದ್ದರು. ಒಡೆಯುವಾಗ ಚೂರು ಸಿಡಿದು ಕಣ್ಣಿಗೆ ಬೀಳುವುದಿಲ್ಲವೇ ಎಂದು ಚಿಕ್ಕನಂಜಮ್ಮನನ್ನು ಕೇಳಿದರು. ಹಳೆಯ ಹಗ್ಗದ ಸಿಂಬೆ ಮಾಡಿ ಅದರೊಳಗೆ ಕಲ್ಲಿಟ್ಟು ಒಡೆಯುತ್ತೇನೆ, ಚೂರು ಹಗ್ಗ ದಾಟುವುದಿಲ್ಲ ಎಂದು ಅವಳು ಕೈಯಲ್ಲೇ ಅಳತೆ ತೋರಿಸಿದಳು. ಮನೆಯಲ್ಲಿರುವವಳಿಗೆ ಇದು ಹೇಗೆ ತಿಳಿದೀತು ಎನ್ನುತ್ತ ಅವರು ಕಾರ್ಡು ತೆಗೆದುಕೊಂಡು, ಹಳೆಯದನ್ನು ಹೊಡೆದುಹಾಕಿ, ಹೊಸದಾಗಿ ಬರೆದು, ರುಜು ಹಾಕಿದರು.

ಹಿಂದಿನಿಂದ ಚಿಕ್ಕಮಾದುವಿಗೆ ತಡೆಯಲಾಗಲಿಲ್ಲ. "ಏನ್ಲಾ ಕರಿಸಿದ್ದ, ಹೆಂಡ್ತಿ ಗುಡ್ಡೆ ಮ್ಯಾಲೆ ಕುಂತ್ಕಂಡು ಇಷ್ಟ್ ದಿಸ ಮೀಸೆ ತಿರುವ್ತಿದ್ದಾ?"

ಮಂಚಮ್ಮ ಅವನ ಕೈಯಿಂದ ಹರಿದ ಕಾರ್ಡು ಕಿತ್ತುಕೊಂಡು ಮೇಜಿನ ಹತ್ತಿರ ಹೋದಳು.

"ಹೊಸಾದು ಬರೆಯೋವಾಗ ನಂದೂ ಸರ್ಯಾಗಿ ಬರ್ಕಳಿ ಬುದ್ಧಿ. ನಾನೂ ಕಲ್ ಒಡೆಯೋಳೇಯ. ಇವ್ರಿಗೆ ಸಿಂಬೆ ಕಟ್ಟೋಕೂ ಬರಾಕಿಲ್ಲ."

ಅಮಲ್ದಾರರು ಗುಮಾಸ್ತನನ್ನು ಕರೆದು, ನಿಡಘಟ್ಟದ ಜಲ್ಲಿಯವರ ಪಟ್ಟಿಯನ್ನೆಲ್ಲ ಹೊರತೆಗೆ, ಈ ಸಲ ಹೆಂಗಸರನ್ನೇ ಕೇಳಿ ಬರೆಯೋಣ ಎಂದರು.

ವಾಪಸು ಬರುವಾಗ ಗಂಡಸರಿಬ್ಬರೂ ಮುಂದೆ ನಡೆದರು. ಅರ್ಧ ದಾರಿಯಲ್ಲಿ ಚಿಕ್ಕಮಾದು, ತನ್ನ ಹೆಂಡತಿಯ ಕೈ ಬಿರುಸು, ಅವಳಷ್ಟು ಸಣ್ಣ ಜಲ್ಲಿ ಇಡೀ ರಸ್ತೆಯಲ್ಲಿ ಯಾರೂ ಒಡೆಯುವುದಿಲ್ಲ ಎಂದ. ಕರಿಸಿದ್ದಯ್ಯ ಕೈಯಲ್ಲಿದ್ದ ಕಾರ್ಡು ಎತ್ತಿ ತೋರಿಸಿ, ತನ್ನ ಹೆಂಡತಿಯ ಗುಡ್ಡೆಯ ಗಾತ್ರ ಅಮಲ್ದಾರರ ಮುಂದೆಯೇ ಇತ್ಯರ್ಥವಾಗಿದೆ ಎಂದ. ಊರು ಸೇರುವ ತನಕ ಇದೇ ಜಗಳ.

ಹೆಂಗಸರು ಹಿಂದೆ ಉಳಿದು, ಅಂದಿನ ರಾಗಿ ಬೀಸಲು ಯಾರ ಮನೆಯ ಕಲ್ಲು ಬಿಡುವಾಗಿದೆ ಎಂದು ಮಾತಾಡಿಕೊಳ್ಳುತ್ತಿದ್ದರು.