ನಡುವಿನ ಡಬ್ಬಿ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಮಾತನ್ನು ಮೊದಲು ಆಡಿದವರ ಮನೆಯ ಮೇಲೆ ಸೋಲಾರ್ ಪ್ಯಾನೆಲ್ ಇರಲಿಲ್ಲ. ಇದ್ದಿದ್ದರೆ ಪೂಜಾರಿಯನ್ನು ಪಾಪ ಎಂದು ಬಿಟ್ಟು, ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಗೋಡೆಗೆ ಕಚ್ಚಿಕೊಂಡು ಕೂತಿರುವ ಆ ಅಂಗೈಯಗಲದ ಡಬ್ಬಿಯ ಮೇಲೆಯೇ ಗಾದೆ ಕಟ್ಟುತ್ತಿದ್ದರು. ಚಾರ್ಜ್ ಕಂಟ್ರೋಲರ್ ಎಂದು ಅದರ ಹೆಸರು. ಮೇಲಿನಿಂದ ಬಂದದ್ದನ್ನು ಹದವರಿತು ಬ್ಯಾಟರಿಗೆ ಒಪ್ಪಿಸುವುದು ಅದರ ಕೆಲಸ. ಒಪ್ಪಿಸಿದರೆ ಸೇವೆ. ನುಂಗಿದರೆ ಕೇಳುವವರಿಲ್ಲ, ಬಿಸಿಲಿಗೆ ರಸೀದಿ ಇಲ್ಲವಲ್ಲ.

ಟೈಲರಮ್ಮ ಆ ಡಬ್ಬಿಯನ್ನು ಗೋಡೆಯಿಂದ ಕಿತ್ತು, ಬಟ್ಟೆಚೀಲಕ್ಕೆ ಹಾಕಿಕೊಂಡು, ಬೆಳಿಗ್ಗೆಯೇ ಅಂಗಡಿ ಬೀದಿಗೆ ಹೊರಟಿದ್ದಳು. ಮೈಯೆಲ್ಲ ಉರಿಯುತ್ತಿತ್ತು. ಆ ಉರಿ ಡಬ್ಬಿಗಾಗಿ ಅಲ್ಲ, ಅತ್ತೆಗಾಗಿ.

ಅತ್ತೆಗೆ ಕೋಳಿಮರಿ ಮಾಡಿಸುವ ಮರುಳು. ಈ ಕಾಲದ ಕೋಳಿಗಳು ಮೊಟ್ಟೆಯಿಟ್ಟು ಎದ್ದು ಹೋಗುತ್ತವೆ, ಕಾವಿಗೆ ಕೂರುವ ತಾಳ್ಮೆ ಅವಕ್ಕಿಲ್ಲ ಎಂದು ಬೈಯುತ್ತಲೇ ಕಾವುಪೆಟ್ಟಿಗೆಯೊಂದನ್ನು ತರಿಸಿಕೊಂಡಿದ್ದಳು. ಆದರೆ ಆ ಬೀದಿಯ ಕರೆಂಟು ಕೋಳಿಗಿಂತ ಚಂಚಲ. ಅದಕ್ಕೇ ಸೋಲಾರು. ಪ್ಯಾನೆಲ್ ಚಾವಣಿಗೆ ಏರಿದ ದಿನ ಅತ್ತೆ ತಲೆಯೆತ್ತಿ, "ನೀನು ಕೊಡೋದನ್ನ ಹಾಳು ಮಾಡಲ್ಲಪ್ಪ" ಎಂದು ಸೂರ್ಯನಿಗೆ ಮಾತು ಕೊಟ್ಟಿದ್ದಳು.

ಆ ಮಾತು ಮುರಿದುಹೋಯಿತು. ಮೊದಲ ಕಾವಿನ ಮೊಟ್ಟೆಗಳು ಇನ್ನೇನು ಒಡೆಯಬೇಕು, ಒಳಗಿನಿಂದ ಕೊಕ್ಕಿನ ಸದ್ದು ಕೇಳತೊಡಗಿತ್ತು, ಆಗ ಕರೆಂಟು ಹೋಯಿತು. ಬ್ಯಾಟರಿ ಸ್ವಲ್ಪ ಹೊತ್ತು ಎಳೆದಾಡಿ ಕೈಚೆಲ್ಲಿತು. ಬೆಳಿಗ್ಗೆ ಅತ್ತೆ ಒಂದೊಂದೇ ಮೊಟ್ಟೆಯನ್ನು ಕಿವಿಗೆ ಹಿಡಿದು ನೋಡಿದಳು. ಎಲ್ಲವೂ ತಣ್ಣಗೆ.

ಸೋಲಾರು ಮಾರಿದ ಅಂಗಡಿಯ ಫಿಟ್ಟರು ಬಂದ. ಬಂದವನ ಕಣ್ಣಿಗೆ ಬಿದ್ದದ್ದು ಡಬ್ಬಿಗೆ ತೊಡಿಸಿದ್ದ ಗವಸು. ಹೂವಿನ ಚಿತ್ತಾರದ ಬಟ್ಟೆ, ಅಂಚಿಗೆ ಮಡಿಕೆ, ಮಿಣುಕು ದೀಪ ಕಾಣಲೆಂದು ಕಾಜಾ ಹೊಲಿದ ಪುಟ್ಟ ಕಿಂಡಿ. ಟೈಲರಮ್ಮನ ಮನೆಯೇ ಹಾಗೆ. ಮಿಕ್ಸಿಗೆ ಗವಸು, ರೇಡಿಯೋಗೆ ಗವಸು, ಇಸ್ತ್ರಿಪೆಟ್ಟಿಗೆಗೂ ಗವಸು. ಉಳಿದ ತುಂಡುಬಟ್ಟೆಯನ್ನು ಎಸೆಯಲು ಮನಸ್ಸು ಬಾರದೆ ಅತ್ತೆಯೇ ಎಲ್ಲ ಹೊಲಿದದ್ದು. ಆ ಮನೆಗೆ ಹೋಗಿ ಅಲುಗಾಡದೆ ಕೂತರೆ ನಿಮಗೂ ಅಳತೆ ತೆಗೆದುಬಿಡುತ್ತಾರೆ ಎಂದು ಬೀದಿಯವರು ನಗುತ್ತಿದ್ದರು.

"ಅಜ್ಜಿ ಡಬ್ಬಿಗೆ ಸ್ವೆಟರ್ ಹಾಕಿದ್ದಾರೆ, ಉಸಿರುಕಟ್ಟಿ ಮೂರ್ಛೆ ಹೋಗಿದೆ!" ಎಂದ ಫಿಟ್ಟರು, ಬೀದಿಗೆಲ್ಲ ಕೇಳುವ ಹಾಗೆ.

ಬೀದಿ ನಕ್ಕಿತು. ಅತ್ತೆ ನಗಲಿಲ್ಲ. ಕಾವುಪೆಟ್ಟಿಗೆಯನ್ನು ಮಂಚದ ಕೆಳಗೆ ನೂಕಿ, "ನನ್ನ ಕೈಯಿಂದಲೇ ಹೋದ್ವು. ಇನ್ನು ಈ ಕೈ ಮೊಟ್ಟೆ ಮುಟ್ಟಬಾರದು" ಎಂದಳು. ಅಂದಿನಿಂದ ಕೋಳಿಗೂಡಿನ ಕಡೆ ತಿರುಗಿ ನೋಡಿರಲಿಲ್ಲ. ಟೈಲರಮ್ಮನ ಗಂಡ, "ವಯಸ್ಸಾಯ್ತು, ಮರೀತಾಳೆ ಬಿಡು" ಎಂದ. ಟೈಲರಮ್ಮನಿಗೆ ಬಿಡಲಾಗಲಿಲ್ಲ. ಗವಸು ತೆಗೆದು ಎಷ್ಟೋ ದಿನಗಳಾಗಿದ್ದವು, ಬಿಸಿಲು ಹಂಚಿನ ಹಾಗೆ ಕಾಯುತ್ತಿತ್ತು. ಆದರೂ ಬ್ಯಾಟರಿಗೆ ಅರೆಹೊಟ್ಟೆ. ಕೊಂದದ್ದು ಗವಸಾದರೆ ಈಗೇನಾಗಿದೆ ಇದಕ್ಕೆ?

ಉತ್ತರ ಸಿಕ್ಕಿದ್ದು ಭಾವನಿಂದ, ಅಂದರೆ ಅಕ್ಕನ ಗಂಡನಿಂದ. ಮೋಟಾರಿಗೆ ತಂತಿ ಸುತ್ತುವ ಕೆಲಸ ಅವನದು. ಮೀಟರು ಹಿಡಿದು ನೋಡಿದವನೇ ಹುಬ್ಬು ಗಂಟಿಕ್ಕಿದ.

"ನಿನ್ನ ಭಾಷೇಲೇ ಹೇಳ್ತೀನಿ ಕೇಳು. ನಿಮ್ಮ ಪ್ಯಾನೆಲ್ಲು ದೊಡ್ಡ ಪನ್ನದ ಬಟ್ಟೆ, ಅಗಲ ಜಾಸ್ತಿ. ಬ್ಯಾಟರಿ ಸಣ್ಣ ಪನ್ನದ್ದು. ಸಾದಾ ಕಂಟ್ರೋಲರ್ ಏನು ಮಾಡುತ್ತೆ? ಹೆಚ್ಚಿಗೆ ಇರೋ ಅಗಲಾನ ಕತ್ತರಿಸಿ ಬಿಸಾಕುತ್ತೆ. ಇನ್ನೊಂದು ಜಾತಿ ಇದೆ, ಎಂಪಿಪಿಟಿ ಅಂತ. ಅದು ಹೆಚ್ಚಿನ ಅಗಲಾನ ಉದ್ದಕ್ಕೆ ಜೋಡಿಸಿ ಕೊಡುತ್ತೆ. ಚೂರೂ ದಂಡ ಆಗಲ್ಲ."

"ನಮ್ಮದು ಅದೇ ಅಲ್ವಾ ಭಾವ? ಮೇಲೆ ಬರೆದಿದೆ ನೋಡಿ."

"ಬರೆದಿದೆ. ನನ್ನ ಹಣೆ ಮೇಲೆ ಮಹಾರಾಜ ಅಂತ ಬರ್ಕೊಳ್ಲಾ?" ಡಬ್ಬಿಯನ್ನು ಅಂಗೈಯಲ್ಲಿ ತೂಗಿದ. "ಬೆಂಕಿಪೊಟ್ಟಣದಷ್ಟು ಹಗುರ. ಆ ಕೆಲಸ ಮಾಡೋಕೆ ಒಳಗೆ ದಪ್ಪ ತಾಮ್ರದ ಕಾಯಿಲ್ ಬೇಕು. ಬಿಚ್ಚಿಸಿ ನೋಡು. ಕೊಟ್ಟವನ ಎದುರಿಗೇ ಬಿಚ್ಚಿಸು."

ಟೈಲರಮ್ಮ ಅಂಗಡಿಯ ಮೆಟ್ಟಿಲು ಹತ್ತಿದಾಗ ಗ್ಯಾರಂಟಿಯಣ್ಣ ಗಿರಾಕಿಗಳಿಗೆ ಫ್ಯಾನು ತೋರಿಸುತ್ತಿದ್ದ. ಯಾವ ಸಾಮಾನು ಕೊಟ್ಟರೂ ಎದೆ ತಟ್ಟಿ "ಗ್ಯಾರಂಟಿ" ಎನ್ನುವುದರಿಂದ ಊರೇ ಇಟ್ಟ ಹೆಸರು ಅದು. ಅವಳನ್ನು ಕಂಡದ್ದೇ ಮುಖ ಅರಳಿಸಿದ.

"ಬನ್ನಿ ಬನ್ನಿ ಟೈಲರಮ್ಮ! ಅಜ್ಜಿ ಹೇಗಿದ್ದಾರೆ? ಚಳಿಗಾಲಕ್ಕೆ ಬ್ಯಾಟರಿಗೂ ಒಂದು ಶಾಲು ಹೊಲಿದರಂತಾ?"

ಗಿರಾಕಿಗಳು ಕಿಸಕ್ಕೆಂದರು. ಅವಳು ಡಬ್ಬಿಯನ್ನು ಗಲ್ಲಾದ ಮೇಲೆ ಇಟ್ಟಳು.

"ಅಣ್ಣ, ಗವಸು ಹಾಕಿದ್ದು ನಾವೇ. ಗಾಳಿ ಆಡಬೇಕಾದ ವಸ್ತುವಿಗೆ ಬಟ್ಟೆ ಸುತ್ತಿದ್ದು ತಪ್ಪು. ಆ ತಪ್ಪು ನಮ್ಮದು, ನಾವೇ ಹೊತ್ಕೋತೀವಿ. ಈಗ ನಿಮ್ಮದನ್ನ ನೋಡೋಣ. ಇದನ್ನ ಬಿಚ್ಚಿ."

"ಬಿಚ್ಚಿದ್ರೆ ಗ್ಯಾರಂಟಿ ಹೋಗುತ್ತಮ್ಮಾ."

"ಇದ್ದರೆ ತಾನೇ ಹೋಗೋದು?"

ಈ ಸಲ ಗಿರಾಕಿಗಳು ನಕ್ಕದ್ದು ಬೇರೆ ಕಡೆಗೆ. ಗ್ಯಾರಂಟಿಯಣ್ಣ ದನಿ ತಗ್ಗಿಸಿದ. "ಇದೆಲ್ಲ ಟೆಕ್ನಿಕಲ್ ವಿಷಯ. ಮನೆಯವರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ."

"ಮನೆಯವಳೇ ಬಂದಿದ್ದೀನಿ. ಬಿಚ್ಚಿ. ಪಕ್ಕದಲ್ಲೇ ಇನ್ನೊಂದನ್ನೂ ಇಡಿ, ಆ ಗಾಜಿನ ಕಪಾಟಿನೊಳಗೆ ಬೀಗ ಹಾಕಿ ಇಟ್ಟಿದ್ದೀರಲ್ಲ, ಅದನ್ನ."

ಫ್ಯಾನಿಗೆ ಬಂದಿದ್ದ ಮುದುಕ ಕುರ್ಚಿ ಎಳೆದುಕೊಂಡು ಕೂತ. "ಬಿಚ್ಚಪ್ಪ, ನಾವೂ ನೋಡ್ತೀವಿ. ಫ್ಯಾನು ಎಲ್ಲಿಗೂ ಹಾರಿ ಹೋಗಲ್ಲ."

ಬೇರೆ ದಾರಿಯಿರಲಿಲ್ಲ. ತಿರುಪುಗಳು ಒಂದೊಂದಾಗಿ ಗಲ್ಲಾದ ಮೇಲೆ ಉರುಳಿದವು. ಕಪಾಟಿನ ಡಬ್ಬಿಯ ಮುಚ್ಚಳ ತೆಗೆದಾಗ ಒಳಗೆ ಉಂಗುರದಂತೆ ಸುತ್ತಿದ ತಾಮ್ರದ ತಂತಿ, ಮುಷ್ಟಿಗಾತ್ರ, ಗರ್ಭದಲ್ಲಿ ಮಗು ಕೂತಂತೆ ಮುದುಡಿ ಕೂತಿತ್ತು. ಟೈಲರಮ್ಮನ ಡಬ್ಬಿಯೊಳಗೆ ಒಂದು ಹಸಿರು ಹಲಗೆ, ನಾಲ್ಕಾರು ಸಾಸಿವೆ ಕಾಳಿನಂಥ ಚೂರುಗಳು, ಮಿಕ್ಕದ್ದೆಲ್ಲ ಬಯಲು. ನೋಡಿದವರಿಗೆ ಯಾರೂ ಏನನ್ನೂ ವಿವರಿಸಬೇಕಾಗಲಿಲ್ಲ.

"ಹೊಟ್ಟೆಯೇ ಇಲ್ವಲ್ಲೋ ಇದಕ್ಕೆ," ಎಂದ ಮುದುಕ.

ಗ್ಯಾರಂಟಿಯಣ್ಣ ಹಣೆ ಒರೆಸಿಕೊಂಡ. "ಸಾದಾ ಕಂಟ್ರೋಲರ್ ಕೆಟ್ಟದ್ದೇನಲ್ಲಮ್ಮ. ಎಷ್ಟೋ ಮನೇಲಿ ಇದೆ."

"ಕೆಟ್ಟದ್ದು ಅಂದೆನಾ ನಾನು?" ಅವಳ ದನಿ ಏರಲಿಲ್ಲ, ಅದಕ್ಕೇ ಅದು ಚುಚ್ಚಿತು. "ಸಣ್ಣ ಪ್ಯಾನೆಲ್ಲಿಗೆ ಸಾದಾದು ಸಾಕಂತೆ, ಜೋಡಿ ಕೂಡುತ್ತಂತೆ. ಹಾಗಂತ ಹೇಳಿದ್ದರೆ ಸಣ್ಣದನ್ನೇ ತಗೋತಿದ್ದೆ. ನೀವು ದೊಡ್ಡ ಪ್ಯಾನೆಲ್ ಕಟ್ಟಿದ್ರಿ, ಸಾದಾ ಡಬ್ಬಿ ಕೊಟ್ರಿ, ಮೇಲೆ ಸುಳ್ಳು ಚೀಟಿ ಅಂಟಿಸಿದ್ರಿ. ಒರಟು ಬಟ್ಟೆಗೆ ರೇಷ್ಮೆ ಅಂತ ಚೀಟಿ ಹೊಲಿದು ಕೊಟ್ಟಿದ್ದರೆ ನನ್ನ ಅಂಗಡಿ ಇರ್ತಿತ್ತಾ ಇಷ್ಟೊತ್ತಿಗೆ? ಬಿಸಿಲು ನಿಮ್ಮಪ್ಪಂದಲ್ಲ, ನನ್ನದೂ ಅಲ್ಲ. ಮೇಲಿನವನು ಎಲ್ಲರ ಚಾವಣಿಗೂ ಒಂದೇ ಸಮ ಸುರೀತಾನೆ. ನಡುವೆ ಕೂತು ಅರ್ಧ ಚೆಲ್ಲೋಕೆ ನಿಮಗೆ ಅಧಿಕಾರ ಕೊಟ್ಟವರು ಯಾರು?"

ಅಂಗಡಿಯೊಳಗೆ ಯಾರೂ ನಗಲಿಲ್ಲ.

ಅವನು ತಾಮ್ರದ ಡಬ್ಬಿಗೆ ಮುಚ್ಚಳ ಹಾಕಿ ಅವಳತ್ತ ತಳ್ಳಿದ. "ಇದನ್ನ ತಗೊಂಡು ಹೋಗಿ ತಾಯಿ. ಒಂದು ಪೈಸೆ ಬೇಡ. ನಮ್ಮನಮ್ಮಲ್ಲೇ ಇರಲಿ."

ಒಂದು ಗಳಿಗೆ ಟೈಲರಮ್ಮನ ಕೈ ಮುಂದೆ ಹೋಯಿತು, ಸುಳ್ಳು ಹೇಳಬಾರದು. ಬಂದ ಕೆಲಸ ಆಯಿತು ಎನ್ನಿಸುವಷ್ಟು ಭಾರವಾಗಿತ್ತು ಆ ಡಬ್ಬಿ. ಆದರೆ ಇದನ್ನು ಒಯ್ದು ಗೋಡೆಗೆ ತಗುಲಿಸಿದರೆ ಬ್ಯಾಟರಿಯ ಹೊಟ್ಟೆ ತುಂಬೀತು, ಅತ್ತೆಯ ಎದೆಯ ಕಲ್ಲು ಇಳಿಯುವುದಿಲ್ಲ.

"ನೀವೇ ತನ್ನಿ. ನಿಮ್ಮ ಕೈಯಾರೆ ಕೂರಿಸಿ. ಫಿಟ್ಟರನ್ನ ಕಳಿಸಬೇಡಿ. ಕೂರಿಸೋಕೆ ಮುಂಚೆ ನಮ್ಮತ್ತೆ ಮುಂದೆ ನಿಂತು, ಮರಿ ಸತ್ತದ್ದು ಯಾರ ಸುಳ್ಳಿಂದ ಅಂತ ಬಾಯಿಬಿಟ್ಟು ಹೇಳಿ."

"ಅಂಗಡಿ ಬಿಟ್ಟು ಹೇಗಮ್ಮ ಬರಲಿ?"

"ಅಂಗಡಿ ನಾನು ನೋಡ್ಕೋತೀನಿ ಹೋಗು," ಎಂದ ಮುದುಕ ಕುರ್ಚಿಯಲ್ಲಿ ಕಾಲು ಚಾಚಿ. "ಗ್ಯಾರಂಟಿ."

ಅತ್ತೆ ಹಿತ್ತಲ ಕಟ್ಟೆಯ ಮೇಲೆ ತುಂಡುಬಟ್ಟೆಗಳನ್ನು ಬಣ್ಣ ಬಣ್ಣಕ್ಕೆ ವಿಂಗಡಿಸುತ್ತ ಕೂತಿದ್ದಳು. ಸೊಸೆಯ ಹಿಂದೆ ಗಂಡಸೊಬ್ಬ ತಲೆ ತಗ್ಗಿಸಿ ಬರುವುದನ್ನು ಕಂಡು ಸೆರಗು ಸರಿಮಾಡಿಕೊಂಡಳು.

"ಅಜ್ಜಿ, ಅದು ಏನಾಗಿತ್ತು ಅಂದ್ರೆ... ಕಂಪನಿಯಿಂದ ಬರೋವಾಗಲೇ ಒಂದು ಚಿಕ್ಕ ಎಡವಟ್ಟು..."

"ಅಣ್ಣ," ಎಂದಳು ಟೈಲರಮ್ಮ. ಅಷ್ಟೇ ಎಂದದ್ದು.

ಅವನು ಕೈಯಲ್ಲಿದ್ದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟ. "ಚೀಟಿ ನಾನೇ ಅಂಟಿಸಿದ್ದು ಅಜ್ಜಿ. ಡಬ್ಬಿ ಸಾದಾದು. ನಿಮ್ಮ ಪ್ಯಾನೆಲ್ಲಿಗೆ ಅದು ಸಾಲ್ತಿರಲಿಲ್ಲ. ಗವಸು ಇರಲಿ ಬಿಡಲಿ, ಬ್ಯಾಟರಿ ತುಂಬ್ತಿರಲಿಲ್ಲ. ಮರಿ ಹೋಗಿದ್ದು ನಿಮ್ಮಿಂದ ಅಲ್ಲ."

ಅತ್ತೆ ಮಡಿಲ ಚಿಂದಿಗಳನ್ನು ಕೆಳಗಿಟ್ಟು ತನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಈಗ ಅಳುತ್ತಾಳೆ, ಇಲ್ಲವೇ ಹೋಗಲಿ ಬಿಡಪ್ಪ ಎಂದು ಹರಸಿ ಕಳಿಸುತ್ತಾಳೆ ಎಂದುಕೊಂಡಳು ಸೊಸೆ. ಅತ್ತೆಯದು ಅಂಥ ಸ್ವಭಾವ, ಇರುವೆಗೂ ದಾರಿ ಬಿಡುವವಳು.

"ಚಿಪ್ಪಿನೊಳಗಿಂದ ಕುಟ್ಟುತಿದ್ವು ಕಣೋ," ಎಂದಳು ಕೊನೆಗೆ. "ನನ್ನ ಕಿವಿಗೆ ಕೇಳ್ತಿತ್ತು. ನಿನ್ನ ಫಿಟ್ಟರು ಸ್ವೆಟರ್ ಅಂತ ನಗಿಸಿದ ಬೀದೀನ."

"ತಪ್ಪಾಯ್ತು ಅಜ್ಜಿ."

"ಆಯ್ತು. ನನ್ನ ಮುಂದೆ ಒಪ್ಪಿಕೊಂಡೆ, ಒಳ್ಳೇದು. ಇಂಥ ಹೊಟ್ಟೆಯಿಲ್ಲದ ಡಬ್ಬಿ ಇನ್ನೂ ಯಾರ್ಯಾರ ಮನೇಲಿ ಕೂರಿಸಿದ್ದೀಯ?"

ಗ್ಯಾರಂಟಿಯಣ್ಣ ಚಾವಣಿಯತ್ತ ನೋಡಿದ. ಅಲ್ಲಿ ಪ್ಯಾನೆಲ್ಲು ಬಿಸಿಲು ಕುಡಿಯುತ್ತ ಮಲಗಿತ್ತು. ಅವನ ಕಿವಿ ಕೆಂಪಾಯಿತು, ಬೆರಳುಗಳು ತಾವಾಗಿಯೇ ಮನೆ ಎಣಿಸತೊಡಗಿದವು.

"ಆ ಮನೆಗಳಲ್ಲೂ ಯಾರೋ ಒಬ್ಬರು, ನಮ್ಮ ಕೈಯೇ ಸರಿ ಇಲ್ಲ ಅಂತ ಮೂಲೇಲಿ ಕೂತಿರ್ತಾರಲ್ಲೋ," ಎಂದು ಅತ್ತೆ ಎದ್ದಳು. ಮೊಣಕಾಲು ಲಟಕ್ಕೆಂದಿತು. "ಇದನ್ನ ಬೇಗ ಬೇಗ ಕೂರಿಸು. ಆಮೇಲೆ ನಾನೂ ನಿನ್ನ ಜೊತೆ ಬರ್ತೀನಿ, ಮೊದಲನೇ ಮನೆ ತೋರಿಸು. ಏ ಹುಡುಗಿ, ನನ್ನ ಚಪ್ಪಲಿ ಎಲ್ಲಿ ಹಾಕಿದ್ದೀಯ?"

ಸೊಸೆ ಚಪ್ಪಲಿ ಹುಡುಕಲು ಒಳಗೆ ಓಡಿದಳು.